ಕೆಲಸಾ ಮಾಡಿಸಿ ನೋಡ್ರಿ, ಆದ್ರ ರೊಕ್ಕಾ ಕೊಟ್ಟು ನೋಡ್ರಿ

ಮದುವಿಗೆ ಹತ್ತು ಜಂಪರ್ ಹೊಲಿಸೋದಿತ್ತಂದ್ರ, ಹೊಸಾ ಟೇಲರ್ ಕೈಯಾಗ ಒಮ್ಮೆಲೆ ಎಲ್ಲಾ ಕೊಡ್ತೀವೇನ್ರಿ? ಮೊದಲ ಒಂದು ಸಾದಾ ಜಂಪರ್ ಹೊಲಿಸಿ, ತೋಳು, ಕೊರಳು ಸರಿ ಕೂಡ್ತಾವೋ ಇಲ್ಲೋ ನೋಡ್ತೀವಿ. ಆ ಒಂದರ ಹೊಲಿಗಿ ರೊಕ್ಕಾನೂ ಕೊಡ್ತೀವಿ. "ನೋಡ್ಲಿಕ್ಕೆ ಹೊಲಿಸಿದ್ದು, ಪುಕ್ಕಟ" ಅಂದ್ರ ಆಕಿ ಸುಮ್ಮನ ಬಿಡ್ತಾಳೇನು?

ಈ ನ್ಯಾಯ ಸಾಫ್ಟ್‌ವೇರ್ ಕಂಪನಿಗೂ ಇರಬೇಕು ಅಂತ ನನ್ನ ಮಾತು. ನನ್ನ ತಂಗಿ ಮಗಳಿಗೆ ಬೆಂಗಳೂರಿನ ಒಂದು ಸಣ್ಣ ಕಂಪನಿಯವರು, "ಎರಡು ವಾರ ನಮ್ಮ ಕೆಲಸಾ ಮಾಡಿ ತೋರಿಸ್ರಿ, ಆಮ್ಯಾಲೆ ಹೇಳ್ತೀವಿ" ಅಂದ್ರು. ಪಗಾರದ ಸುದ್ದಿನ ಇಲ್ಲ. ಆಕಿ ಒಲ್ಲೆ ಅಂದ್ಲು. ಮನಿಯಾಗ ಹಿರಿಯರು, "ಎರಡು ವಾರಕ್ಕ ಏನಾಗ್ತಿತ್ತು?" ಅಂತ ಬೈದ್ರು. ನಾನು ಹುಡುಗಿ ಕಡೆನ.

ಪರೀಕ್ಷಾ ಕೆಲಸ ತಪ್ಪಲ್ಲ. ಇಂಟರ್‌ವ್ಯೂದಾಗ ಕೆಲವರು ಅರಳು ಹುರಿದಂಗ ಮಾತಾಡ್ತಾರ. ಇನ್ನು ಕೆಲವರು ಛಲೋ ಕೆಲಸಗಾರರಿದ್ರೂ ನಾಲ್ಕು ಮಂದಿ ಮುಂದ ಕೈ ನಡುಗಿ ಕೂತುಬಿಡ್ತಾರ. ಮತ್ತೊಬ್ಬರು ಬರೆದ ಕೋಡ್ ಓದಿ ತಪ್ಪು ತಿದ್ದೋದು, ತಿಳೀದಿದ್ದಾಗ ನಾಚದ ಕೇಳೋದು, ಇವೆಲ್ಲಾ ಜೋಡಿ ಕೂತು ಕೆಲಸಾ ಮಾಡಿದಾಗ ಮಾತ್ರ ಕಾಣ್ತಾವ.

ವರ್ಡ್‌ಪ್ರೆಸ್.ಕಾಮ್ ನಡೆಸೋ ಅಮೆರಿಕಾದ ಆಟೊಮ್ಯಾಟಿಕ್ ಕಂಪನಿ ಈ ಪದ್ಧತಿಗೆ ಹೆಸರಾದದ್ದು. ಅದರ ಮುಖ್ಯಸ್ಥ ಮ್ಯಾಟ್ ಮುಲ್ಲೆನ್‌ವೆಗ್ 2014ರಾಗ ಹಾರ್ವರ್ಡ್ ಬಿಸಿನೆಸ್ ರಿವ್ಯೂದಾಗ ಅದನ್ನ ಬರೆದಾರ. ಕಡೀ ಹಂತಕ್ಕ ಬಂದವರಿಗೆ 3ರಿಂದ 8 ವಾರ ಖರೇ ಕೆಲಸಾ ಕೊಡ್ತಿದ್ರು. ಹುದ್ದೆ ಯಾವುದ ಇರಲಿ, ತಾಸಿಗೆ 25 ಡಾಲರ್. ಇದ್ದ ನೌಕರಿ ಬಿಡೋದು ಬ್ಯಾಡ, ರಾತ್ರಿ ಇಲ್ಲಾ ಶನಿವಾರ ಐತವಾರ ಮಾಡಿದ್ರ ನಡೀತಿತ್ತು.

ರೊಕ್ಕಾ ಕೊಟ್ಟದ್ದು ಛಲೋ ಆತು. ಆದ್ರ ರಾತ್ರಿ ಕೆಲಸಾ ಯಾರಿಗೆ ಆಗ್ತದ? ಎರಡು ವರ್ಷದ ಕೂಸು ಇದ್ದಾಕಿ ರಾತ್ರಿ ಕೂಸು ಮಲಗಿಸ್ಬೇಕೋ, ಕೋಡ್ ಬರೀಬೇಕೋ? ಆಕಿ ನಪಾಸಾದ್ರ ಅದು ಬುದ್ಧಿ ಕಡಿಮಿ ಅಂತಲ್ಲ, ಪುರಸತ್ತು ಇಲ್ಲ ಅಂತ. ನಮ್ಮ ಕಡೆ ನೌಕರಿ ಬಿಡಬೇಕಂದ್ರ ಎಷ್ಟೋ ಕಂಪನಿಯಾಗ ಎರಡು ಮೂರು ತಿಂಗಳ ಮೊದಲ ಹೇಳಬೇಕು. ಪರೀಕ್ಷಾ ನಂಬಿ ಯಾರು ಬಿಡ್ತಾರ?

ಅದಕ್ಕ ದಿನಾ ಕಡಿಮಿ ಇರಲಿ, ಎರಡು ಮೂರು ದಿನಾ ಸಾಕು. ತಾಸಿನ ರೊಕ್ಕಾ ಮೊದಲ ಬರೆದು ಕೊಡ್ಲಿ. ವೇಳೆ ಹುಡುಗೂರು ಆರಿಸ್ಕೊಳ್ಳಿ. ಬ್ಯಾಡ ಅಂದ್ರ ಯಾಕ ಬ್ಯಾಡ ಅಂತ ಹೇಳ್ಲಿ.

ಅಕ್ಕಾರ, ನಿಮ್ಮ ಮನಿ ಹೆಣ್ಣುಮಕ್ಕಳು "ಇದಕ್ಕ ಎಷ್ಟು ಕೊಡ್ತೀರಿ?" ಅಂತ ಕೇಳಿದ್ರ, ಸೊಕ್ಕು ಅನ್ನಬ್ಯಾಡ್ರಿ. ಜಂಪರ್ ಹೊಲಿಯಾಕಿ ಕೇಳೋದನ್ನ ಅವರೂ ಕೇಳ್ತಾರ, ಅಷ್ಟ.