ಗುಡ್ಡದ ದಾಖಲೆ, ಮನೆಯ ಹಾರ್ಡ್‌ಡಿಸ್ಕ್

ಕಪ್ಪತಗುಡ್ಡದ ಸೆರಗಿನ ಊರುಗಳಲ್ಲಿ ಸಸ್ಯಗಳ ಲೆಕ್ಕ ಇಡುವವರು ಇಂದು ಪಂಡಿತರಷ್ಟೇ ಅಲ್ಲ. ಯಾವ ಗಿಡ ಯಾವ ವಾರ ಹೂ ಬಿಟ್ಟಿತು, ಯಾವ ಹಳ್ಳ ಯಾವ ತಿಂಗಳು ಬತ್ತಿತು ಎಂಬುದರ ಚಿತ್ರಗಳು ಕುರಿಗಾಹಿಗಳ ಮೊಬೈಲಿನಲ್ಲಿಯೂ ವಿದ್ಯಾರ್ಥಿಗಳ ಲ್ಯಾಪ್‌ಟಾಪಿನಲ್ಲಿಯೂ ಸೇರಿಕೊಳ್ಳುತ್ತಿವೆ. ಈ ಗುಡ್ಡವನ್ನು 2015ರಲ್ಲಿ ಸಂರಕ್ಷಿತ ಮೀಸಲು ಪ್ರದೇಶವೆಂದು ಘೋಷಿಸಿ, 2016ರಲ್ಲಿ ಆ ಆದೇಶವನ್ನು ಹಿಂಪಡೆದು, ಜನರ ಹೋರಾಟದ ತರುವಾಯ 2017ರಲ್ಲಿ ಮರಳಿ ಜಾರಿಗೊಳಿಸಿ, 2019ರಲ್ಲಿ ವನ್ಯಜೀವಿಧಾಮವನ್ನಾಗಿ ಮಾಡಲಾಯಿತು. ಇಷ್ಟು ಏರಿಳಿತ ಕಂಡ ಜನರಿಗೆ ದಾಖಲೆಯ ಬೆಲೆಯನ್ನು ಬೇರೆಯವರು ತಿಳಿಸಬೇಕಾಗಿಲ್ಲ. ಆದರೆ ಆ ದಾಖಲೆ ಒಂದೇ ಸಾಧನದಲ್ಲಿ, ಒಂದೇ ಪ್ರತಿಯಾಗಿ ಉಳಿದಿರುವುದು ಚಿಂತೆಯ ವಿಷಯ.

ಮನೆಯಲ್ಲಿ ಮಾಹಿತಿಯನ್ನು ಕಾಪಿಡುವ ಮಾತು ಬಂದೊಡನೆ ಪಟ್ಟಣದ ಅಂಗಡಿಕಾರರು ಎರಡು ಡಿಸ್ಕುಗಳ 'ನ್ಯಾಸ್' ಪೆಟ್ಟಿಗೆಯನ್ನು ತೋರಿಸುತ್ತಾರೆ. ಒಂದು ಡಿಸ್ಕು ಕೆಟ್ಟರೆ ಇನ್ನೊಂದರಲ್ಲಿ ಅದೇ ಮಾಹಿತಿ ಇರುತ್ತದೆಂಬುದು ನಿಜ. ಆದರೆ ಎರಡೂ ಒಂದೇ ಪೆಟ್ಟಿಗೆಯಲ್ಲಿದ್ದು ಒಂದೇ ವಿದ್ಯುತ್ ತಂತಿಗೆ ಜೋತುಬಿದ್ದಿರುತ್ತವೆ. ಸಿಡಿಲು ಬಡಿದರೆ, ಮಾಳಿಗೆ ಸೋರಿದರೆ, ಕಳ್ಳ ನುಗ್ಗಿದರೆ ಎರಡೂ ಒಟ್ಟಿಗೆ ಹೋಗುತ್ತವೆ. ಒಂದರಲ್ಲಿ ಅಳಿಸಿದ ಕಡತ ಆ ಕ್ಷಣವೇ ಇನ್ನೊಂದರಲ್ಲಿಯೂ ಅಳಿಯುತ್ತದೆ. ಹಗಲಿರುಳು ವಿದ್ಯುತ್ತನ್ನೂ ಅದರ ಮೇಲೆ ಯುಪಿಎಸ್ಸನ್ನೂ ಬೇಡುವ ಈ ಯಂತ್ರ ನಮ್ಮ ಹಳ್ಳಿಮನೆಗೆ ತಕ್ಕುದಲ್ಲವೆಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಅದರ ಬದಲು ಎರಡು ಸಾಮಾನ್ಯ ಯುಎಸ್‌ಬಿ ಹಾರ್ಡ್‌ಡಿಸ್ಕ್ ಕೊಂಡು, ಒಂದನ್ನು ಮನೆಯಲ್ಲಿ, ಮತ್ತೊಂದನ್ನು ಗದಗ-ಬೆಟಗೇರಿಯಲ್ಲೋ ಲಕ್ಷ್ಮೇಶ್ವರದಲ್ಲೋ ಇರುವ ಬಂಧುಗಳ ಮನೆಯಲ್ಲಿ ಇಡುವುದು ಮೇಲು. ನಕಲಿಸುವ ಹೊತ್ತಿನಲ್ಲಿ ಮಾತ್ರ ಜೋಡಿಸಿ ಕಳಚಿಟ್ಟರೆ ವೈರಸ್ಸಿನ ಭಯವೂ ಕಡಿಮೆ.

ಈ ವಿಚಾರ ನಮ್ಮ ಸೀಮೆಗೆ ಹೊಸದಲ್ಲ. ಗದಗಿನ ಪಕ್ಕದ ಲಕ್ಕುಂಡಿಯಲ್ಲಿ 1007ರ ಸುಮಾರಿಗೆ ಜಿನಾಲಯ ಕಟ್ಟಿಸಿದ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣವನ್ನು ಸಾವಿರ ಪ್ರತಿ ಮಾಡಿಸಿ ಹಂಚಿದಳೆಂಬುದು ಪ್ರಸಿದ್ಧ. ಓಲೆಗರಿಗೆ ಗೆದ್ದಲು, ಬೆಂಕಿ, ನೀರು ಮೂರೂ ವೈರಿಗಳು. ಆಕೆ ನೆಚ್ಚಿದ್ದು ಗಟ್ಟಿ ಪೆಟ್ಟಿಗೆಯನ್ನಲ್ಲ, ಹಲವು ಕೈಗಳನ್ನು. ಬೀಜದ ವಿಷಯದಲ್ಲಿಯೂ ಇದೇ ನಡೆ. ನಾರ್ವೆಯ ಸ್ವಾಲ್ಬಾರ್ಡ್‌ನಲ್ಲಿ 2008ರಲ್ಲಿ ತೆರೆದ ಭಂಡಾರ ಜಗತ್ತಿನ ಬೀಜಕೋಶಗಳ ನಕಲನ್ನು ಕಾಯುತ್ತದೆ. ಸಿರಿಯಾದ ಯುದ್ಧದಲ್ಲಿ ಅಲೆಪ್ಪೊ ಬಳಿಯ ಬೀಜಕೋಶ ಕೈತಪ್ಪಿದಾಗ ವಿಜ್ಞಾನಿಗಳು 2015ರಲ್ಲಿ ಅಲ್ಲಿಂದಲೇ ತಮ್ಮ ಬೀಜಗಳನ್ನು ಮರಳಿ ತರಿಸಿಕೊಂಡರು.

ಕೊಳ್ಳುವಾಗ ಗಾತ್ರಕ್ಕೆ ಮರುಳಾಗಬೇಕಿಲ್ಲ. ಮೊಬೈಲಿನ ಒಂದು ಚಿತ್ರ 4 ಎಂಬಿ ಎಂದು ಹಿಡಿದರೂ 1 ಟಿಬಿಯಲ್ಲಿ ಸುಮಾರು ಎರಡೂವರೆ ಲಕ್ಷ ಚಿತ್ರಗಳು ಹಿಡಿಸುತ್ತವೆ. ತಿರುಗುವ ತಟ್ಟೆಯ ಹಳೆಯ ಬಗೆಯ ಡಿಸ್ಕು ಅಗ್ಗ. ಬೀಳಿಸದಂತೆ ನೋಡಿಕೊಂಡರೆ ಸಾಕು. ಎಸ್‌ಎಸ್‌ಡಿ ವೇಗದ್ದೇನೋ ಹೌದು, ಆದರೆ ವಿದ್ಯುತ್ ಸೋಂಕದೆ ವರ್ಷಗಟ್ಟಲೆ ಪೆಟ್ಟಿಗೆಯಲ್ಲಿಟ್ಟರೆ ಅದರ ಮಾಹಿತಿ ಮಾಸುವ ಸಂಭವವುಂಟು. ಕೆಲವು ನೂರು ರೂಪಾಯಿಗೆ '2 ಟಿಬಿ' ಎಂದು ಮಾರುವ ಪೆನ್‌ಡ್ರೈವ್ ಶುದ್ಧ ಮೋಸ: ಕೆಲವೇ ಜಿಬಿ ತುಂಬಿದೊಡನೆ ಹಳೆಯದರ ಮೇಲೆಯೇ ಹೊಸದನ್ನು ಬರೆಯತೊಡಗುತ್ತದೆ. ಕಂಪ್ಯೂಟರ್ ಇಲ್ಲದ ಮನೆಯವರು ಒಳ್ಳೆಯ ಪೆನ್‌ಡ್ರೈವನ್ನು ಓಟಿಜಿ ತಂತಿಯ ಮೂಲಕ ಮೊಬೈಲಿಗೇ ಜೋಡಿಸಬಹುದು.

ಗೂಗಲ್ಲಿನ ಉಚಿತ ಜಾಗ 15 ಜಿಬಿ. ಚಿತ್ರಗಳಿಗಿದ್ದ ಮಿತಿಯಿಲ್ಲದ ಸೌಲಭ್ಯ 2021ರ ಜೂನ್‌ನಲ್ಲಿ ನಿಂತಿತು. ಎರಡು ವರ್ಷ ಬಳಸದ ಖಾತೆಯನ್ನು ಅಳಿಸುವ ಹಕ್ಕೂ ಅವರಿಗಿದೆ. ಅದು ಮೂರನೆಯ ಪ್ರತಿಯಾಗಿರಲಿ, ಮೊದಲನೆಯದಾಗಿ ಅಲ್ಲ. ವಾಟ್ಸ್ಯಾಪಿನಲ್ಲಿ ಕಳುಹಿಸಿದ ಚಿತ್ರವನ್ನಂತೂ ದಾಖಲೆಯೆಂದು ನಂಬಲಾಗದು: ಚಿತ್ರ ಕುಗ್ಗುವುದಲ್ಲದೆ, ತೆಗೆದ ದಿನಾಂಕ, ಸ್ಥಳಗಳ ಗುರುತೂ ಅಳಿದುಹೋಗುತ್ತದೆ. 'ಡಾಕ್ಯುಮೆಂಟ್' ಎಂದು ಕಳುಹಿಸಿದರೆ ಅವು ಉಳಿಯುತ್ತವೆ.

ಕನ್ನಡದಲ್ಲಿ ಬರೆಯುವವರಿಗೆ ಇನ್ನೊಂದು ತೊಡಕಿದೆ. ಹಿಂದೆ ನುಡಿ, ಬರಹ, ಶ್ರೀಲಿಪಿಗಳ ಹಳೆಯ ಅಕ್ಷರಗಳಲ್ಲಿ ಟೈಪಿಸಿದ ಕಡತ, ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿಯಾಗಿ ತೆರೆದುಕೊಳ್ಳುತ್ತದೆ. ಡಿಸ್ಕು ಸುರಕ್ಷಿತವಾಗಿದ್ದರೂ ಓದು ಅಸಾಧ್ಯ. ಯುನಿಕೋಡಿಗೆ ಬದಲಿಸುವ ಉಚಿತ ಪರಿವರ್ತಕಗಳಿವೆ. ಹಳೆಯ ಸಮೀಕ್ಷಾ ವರದಿಗಳನ್ನು ಬೇಗನೆ ಬದಲಿಸಿಕೊಳ್ಳತಕ್ಕದ್ದು.

ಬಿತ್ತುವ ಮುನ್ನ ಹತ್ತು ಕಾಳು ನೆನೆಸಿ ಮೊಳಕೆ ನೋಡುವಂತೆ, ಯುಗಾದಿಗೊಮ್ಮೆ ದೀಪಾವಳಿಗೊಮ್ಮೆ ನಾಲ್ಕಾರು ಕಡತಗಳನ್ನು ತೆರೆದು ನೋಡಿ, ಎರಡೂ ಊರಿನ ಡಿಸ್ಕುಗಳನ್ನು ಅದಲುಬದಲು ಮಾಡಬಹುದು. ಬೇಗ ನಕಲಿಸಬೇಕಾದುದು ನಾಟಿವೈದ್ಯರ ಧ್ವನಿಮುದ್ರಣಗಳನ್ನು. ಗಿಡದ ಚಿತ್ರವನ್ನು ಬರುವ ಮಳೆಗಾಲದಲ್ಲಿ ಮತ್ತೆ ತೆಗೆಯಬಹುದು, ತೀರಿಕೊಂಡವರ ಮಾತನ್ನು ಅಲ್ಲ. 2002ರ ಜೀವವೈವಿಧ್ಯ ಕಾಯ್ದೆಯಡಿ ಪಂಚಾಯಿತಿಗಳಲ್ಲಿರುವ ಜನತಾ ಜೀವವೈವಿಧ್ಯ ದಾಖಲಾತಿಗೆ ಅವು ಸೇರಬಹುದಾದರೂ, ಅಲ್ಲಿಗಾಗಲಿ ಅಂತರ್ಜಾಲಕ್ಕಾಗಲಿ ಕೊಡುವ ಮುನ್ನ ಹೇಳಿದವರ ಒಪ್ಪಿಗೆ ಪಡೆದು, ಅದನ್ನೂ ಅದೇ ಕಡತದ ಜೊತೆಗೆ ಬರೆದಿಡಬೇಕು.