ಎರಡನೇ ನಾಣ್ಯ ಹಾಕುವವನ ಮಾತು

ವಿಂಡೋಸ್ ಎಕ್ಸ್‌ಪಿ ಕಾಲದಲ್ಲಿ ಕುಮಟಾ, ಹೊನ್ನಾವರ, ಭಟ್ಕಳದ ಕಂಪ್ಯೂಟರ್ ತರಗತಿಗಳಿಗೆ ಹೋಗಿಬಂದವರಲ್ಲಿ ಪಿನ್‌ಬಾಲ್ ಗೊತ್ತಿಲ್ಲದವರು ಕಡಿಮೆ. ಟ್ಯಾಲಿ ಕಲಿಯಲೆಂದು ಫೀ ಕಟ್ಟಿದ ಹುಡುಗರು ಮಾಸ್ತರರು ಚಹಾ ಕುಡಿಯಲು ಆಚೆ ಹೋದದ್ದೇ ತಡ, ‘ಸ್ಪೇಸ್ ಕೆಡೆಟ್’ ತೆರೆದು ಕೂರುತ್ತಿದ್ದರು. ಝಡ್ ಒತ್ತಿದರೆ ಎಡಗಡೆಯ ಫ್ಲಿಪ್ಪರ್ ಏಳುತ್ತಿತ್ತು, ಆ ಕಡೆಯ ಓರೆಗೆರೆಯ ಕೀಲಿಗೆ ಬಲಗಡೆಯದು. ಸ್ಪೇಸ್‌ಬಾರ್ ಹಿಡಿದು ಬಿಟ್ಟರೆ ಗುಂಡು ಮೇಲಕ್ಕೆ ಚಿಮ್ಮುತ್ತಿತ್ತು. 1995ರಲ್ಲಿ ಹುಟ್ಟಿದ ಈ ಆಟ ವಿಂಡೋಸ್ ವಿಸ್ಟಾ ಬರುವ ಹೊತ್ತಿಗೆ ಕಾಣೆಯಾಯಿತು. ಅದನ್ನು 64 ಬಿಟ್‌ಗೆ ಹೊಂದಿಸಲು ಹೋದಾಗ ಗುಂಡು ಯಾವುದಕ್ಕೂ ತಾಗದೆ ಅಡ್ಡ ಬಂದದ್ದನ್ನೆಲ್ಲ ತೂರಿಕೊಂಡು ಹೋಗುತ್ತಿತ್ತು. ಬೇರೆಯವರು ಬರೆದಿಟ್ಟ ಹಳೆಯ ಕೋಡ್‌ನಲ್ಲಿ ದೋಷ ಎಲ್ಲಿದೆಯೆಂದು ಹುಡುಕಲಾಗದೆ ಕೈಬಿಟ್ಟೆವು ಎಂದು ಮೈಕ್ರೋಸಾಫ್ಟ್‌ನ ರೇಮಂಡ್ ಚೆನ್ ಮುಂದೆ ಬರೆದರು.

ಪರದೆಯ ಮೇಲಿದ್ದದ್ದು ಬರೀ ನೆರಳು. ಅಸಲಿ ಯಂತ್ರದಲ್ಲಿ ಸುಮಾರು 80 ಗ್ರಾಂ ತೂಗುವ ಉಕ್ಕಿನ ಗುಂಡು ಆರೂವರೆ ಡಿಗ್ರಿಯಷ್ಟು ಇಳಿಜಾರಾದ ಮರದ ಹಲಗೆಯ ಮೇಲೆ ಉರುಳುತ್ತದೆ. ಮೇಲೆ ಗಾಜು, ಅಡಿಯಲ್ಲಿ ತಂತಿಯ ಕಂತೆಗಳು. ಗುಂಡಿ ಒತ್ತಿದಾಗ ಫ್ಲಿಪ್ಪರಿನ ಸುರುಳಿಗೆ ಜೋರಾದ ವಿದ್ಯುತ್ ನುಗ್ಗಿ ಗುಂಡನ್ನು ಹೊಡೆಯುತ್ತದೆ. ಫ್ಲಿಪ್ಪರ್ ಮೇಲೆ ಮುಟ್ಟಿದ ಕೂಡಲೇ ಆ ಬಿರುಸು ತಗ್ಗಿ, ಹಿಡಿದು ನಿಲ್ಲಿಸಲು ಬೇಕಾದಷ್ಟೇ ವಿದ್ಯುತ್ ಉಳಿಯುತ್ತದೆ. ಹಾಗಾಗದಿದ್ದರೆ ಸುರುಳಿ ಸುಟ್ಟು ವಾಸನೆ ಬರುತ್ತದೆ. ಪೆಟ್ಟಿಗೆಯ ಒಳಗೆ ಒಂದು ಲೋಹದ ಬಳೆ, ಅದರ ನಡುವೆ ತೂಗುಗುಂಡು. ಆಡುವವನು ಯಂತ್ರವನ್ನು ಅಷ್ಟಿಷ್ಟು ಜಗ್ಗಬಹುದು, ಸೊಂಟದಿಂದ ನೂಕಲೂಬಹುದು. ತೂಗುಗುಂಡು ಬಳೆಗೆ ತಾಗುವಷ್ಟು ಜಗ್ಗಿದರೆ ಮಾತ್ರ ‘ಟಿಲ್ಟ್’ ಎಂದು ಬೆಳಗಿ ಫ್ಲಿಪ್ಪರುಗಳು ಸತ್ತುಬೀಳುತ್ತವೆ. ಎಷ್ಟು ಮೋಸ ಮಾಡಬಹುದು ಎಂಬುದನ್ನೂ ನಿಯಮದೊಳಗೇ ಸೇರಿಸಿಕೊಂಡ ಆಟ ಇದು.

ಇಂಥ ಯಂತ್ರಗಳು ಇಂದು ಹೆಚ್ಚುಕಡಿಮೆ ಯಾವುದಾದರೊಂದು ಸಿನಿಮಾ, ಬ್ಯಾಂಡು ಅಥವಾ ಧಾರಾವಾಹಿಯ ಹೆಸರು ಹೊತ್ತೇ ಬರುತ್ತವೆ. ಷಿಕಾಗೊ ಸೀಮೆಯ ಸ್ಟರ್ನ್ ಕಂಪನಿ 2021ರಲ್ಲಿ ತಂದ ‘ಗಾಡ್ಜಿಲ್ಲಾ’ವನ್ನೇ ನೋಡಬಹುದು. ಜಪಾನಿನ ತೋಹೋ ಸಂಸ್ಥೆಯ ಹಳೆಯ ಚಿತ್ರಗಳ ತುಣುಕುಗಳು ಪರದೆಯ ಮೇಲೆ ಓಡುತ್ತಿರುತ್ತವೆ, ಕೆಳಗೆ ಗುಂಡು ಊರುಗಳನ್ನು ಕೆಡವುತ್ತಿರುತ್ತದೆ. ಎದುರಾಳಿಗಳಲ್ಲಿ ಎಬಿರಾ ಎಂಬ ದೈತ್ಯ ಸಿಗಡಿಯೂ ಒಂದು. ಅಘನಾಶಿನಿ ಹೊಳೆಯ ಗಜನಿ ಗದ್ದೆಗಳಲ್ಲಿ ಸಿಗಡಿ ಹಿಡಿಯುವವರು ಇದನ್ನು ನೋಡಿದರೆ ಹೆದರುವುದಕ್ಕಿಂತ ಹೆಚ್ಚಾಗಿ ಕಿಲೋಗೆ ಎಷ್ಟು ಎಂದು ಕೇಳಿಯಾರು.

ಮೂರು ಬಗೆಯಲ್ಲಿ ಬರುವ ಸ್ಟರ್ನ್ ಕಂಪನಿಯ ಯಂತ್ರಗಳಿಗೆ ಅಮೆರಿಕದಲ್ಲಿ ಈಚಿನ ವರ್ಷಗಳಲ್ಲಿ ಸುಮಾರು 7,000 ಡಾಲರಿನಿಂದ 13,000 ಡಾಲರಿನವರೆಗೆ ಬೆಲೆ. ನಮ್ಮ ಲೆಕ್ಕದಲ್ಲಿ ಅಗ್ಗದ್ದೇ ಆರು ಲಕ್ಷ ಮೀರುತ್ತದೆ, ಸಾಗಾಟ, ಸುಂಕ ಬೇರೆ. ಕೊಟ್ಟ ದುಡ್ಡಿಗೆ ತಕ್ಕಂತೆ ಮಾಲೀಕನ ಅಭಿಪ್ರಾಯಗಳೂ ದುಬಾರಿ. ಗುಂಡು ಬಡಿದು ಹಲಗೆಯ ಮೇಲೆ ಸಣ್ಣ ಸಣ್ಣ ಗುಳಿ ಬಿದ್ದಿವೆ, ಕಂಬದ ಬುಡದಲ್ಲಿ ಮೇಲ್ಮೆರುಗು ಎದ್ದಿದೆ, ಆಟದ ನಿಯಮಗಳು ಪೂರ್ತಿಯಾಗುವ ಮೊದಲೇ ಯಂತ್ರ ಮಾರಿದ್ದಾರೆ, ಉಳಿದದ್ದನ್ನು ಸಾಫ್ಟ್‌ವೇರಿನಲ್ಲಿ ಕಂತುಕಂತಾಗಿ ಕಳಿಸುತ್ತಿದ್ದಾರೆ, ಸೀಮಿತ ಆವೃತ್ತಿಯೆಂದು ದುಬಾರಿ ಬೆಲೆ ತೆತ್ತ ಮೇಲೆ ಅದೇ ಆಟವನ್ನು ಅಗ್ಗದ ಪೆಟ್ಟಿಗೆಯಲ್ಲೂ ಕೊಟ್ಟಿದ್ದಾರೆ. ಇವೆಲ್ಲ ಪಿನ್‌ಬಾಲ್ ಮನೆಗಳಲ್ಲಿ ನಿತ್ಯದ ದೂರುಗಳು, ಸುಳ್ಳೂ ಅಲ್ಲ. ಗಾಡ್ಜಿಲ್ಲಾದ ದುಬಾರಿ ಆವೃತ್ತಿಗಳಲ್ಲಿ ಕಟ್ಟಡದ ಮಹಡಿಗಳು ಕುಸಿಯುತ್ತವೆ, ಸೇತುವೆ ಮುರಿಯುತ್ತದೆ. ಅಗ್ಗದ್ದರಲ್ಲಿ ಆ ಸೊಗಸಿಲ್ಲ. ಯಾವುದು ವಾಸಿ ಎಂಬ ಜಗಳದಲ್ಲಿ ಇಬ್ಬರು ಮಾಲೀಕರು ಇಡೀ ರಾತ್ರಿ ಕಳೆಯಬಲ್ಲರು. ಆಡದೆಯೇ.

ಅಂಗಡಿಯಲ್ಲಿ ಯಂತ್ರವಿಟ್ಟು ದುಡಿಯುವ ಮಾಲೀಕನದು ಇನ್ನೊಂದು ಲೆಕ್ಕ. ಒಂದು ನಾಣ್ಯಕ್ಕೆ ಒಬ್ಬ ಎಷ್ಟು ಹೊತ್ತು ಆಡುತ್ತಾನೆ ಎಂಬುದು ಅವನಿಗೆ ಮುಖ್ಯ. ಹಿಂಗಾಲುಗಳನ್ನು ಎತ್ತರಿಸಿ ಇಳಿಜಾರು ಹೆಚ್ಚಿಸಿದರೆ ಗುಂಡು ಬೇಗ ಬೀಳುತ್ತದೆ. ನಮ್ಮ ಕರಾವಳಿಯಲ್ಲಾದರೆ ಉಪ್ಪುಗಾಳಿಗೆ ತುಕ್ಕು ಹಿಡಿಯುವ ಸ್ವಿಚ್ಚುಗಳು, ಆಷಾಢದಲ್ಲಿ ಕೈಕೊಡುವ ಕರೆಂಟು ಕೂಡ ಅವನ ಅಭಿಪ್ರಾಯದೊಳಗೆ ಸೇರಿಕೊಳ್ಳುತ್ತಿದ್ದವು.

ಆಡುವವನಿಗೆ ಇದ್ಯಾವುದೂ ಬೇಡ. ಗುಂಡು ಬಿದ್ದಾಗ ಅದು ತನ್ನ ತಪ್ಪೋ ಯಂತ್ರದ ತಪ್ಪೋ ಎಂಬುದೊಂದೇ ಅವನ ಪ್ರಶ್ನೆ. ತನ್ನದೇ ತಪ್ಪು ಅನ್ನಿಸಿದರೆ ಎರಡನೇ ನಾಣ್ಯ ಹಾಕುತ್ತಾನೆ. ಯಂತ್ರದ್ದು ಅನ್ನಿಸಿದರೆ ಪಕ್ಕದ ಯಂತ್ರಕ್ಕೆ ಹೋಗುತ್ತಾನೆ, ಅದರ ಮೇಲೆ ಗಾಡ್ಜಿಲ್ಲಾ ಇರಲಿ, ಗಂಧರ್ವರೇ ಇರಲಿ. ಗಾಡ್ಜಿಲ್ಲಾ ಯಂತ್ರ ಆಟಗಾರರ ಮೆಚ್ಚಿನ ಪಟ್ಟಿಗಳಲ್ಲಿ ಬಂದ ದಿನದಿಂದ ಮೇಲಿನ ಸಾಲಿನಲ್ಲೇ ಇರುವುದಕ್ಕೆ ಕಾರಣ ಡೈನೋಸಾರ್ ಸಂತತಿಯ ಮೇಲಿನ ಪ್ರೀತಿಯಲ್ಲ. ಅದನ್ನು ವಿನ್ಯಾಸ ಮಾಡಿದ ಕೀತ್ ಎಲ್ವಿನ್ ಕಾರ್ಖಾನೆಗೆ ಬರುವ ಮೊದಲು ಸ್ವತಃ ವಿಶ್ವ ಚಾಂಪಿಯನ್ ಆಗಿದ್ದ ಆಟಗಾರ. ‘ಆರ್ಚರ್’ ಎಂಬ ಕಾರ್ಟೂನ್ ಧಾರಾವಾಹಿಯ ಹೆಸರಿನಲ್ಲಿ ತನ್ನ ಖುಷಿಗೆ ತಾನೇ ಕಟ್ಟಿದ ಯಂತ್ರದ ವಿನ್ಯಾಸವೇ ಮುಂದೆ 2018ರಲ್ಲಿ ಸ್ಟರ್ನ್‌ನ ‘ಐರನ್ ಮೇಡನ್’ ಆಯಿತು. ಧಾರಾವಾಹಿ ಹೋಗಿ ಬ್ಯಾಂಡ್ ಬಂತು, ಗುಂಡಿನ ದಾರಿ ಬಹುಪಾಲು ಅದೇ ಉಳಿಯಿತು. ಕಥಾವಸ್ತು ಎಷ್ಟರಮಟ್ಟಿಗೆ ಮೈಮೇಲಿನ ಅಂಗಿ ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಡ.

ಹೊನ್ನಾವರ, ಕುಮಟಾದ ಜನಕ್ಕೆ ಇದನ್ನು ಬಿಡಿಸಿ ಹೇಳಬೇಕಾಗಿಯೇ ಇಲ್ಲ. ಭಸ್ಮಾಸುರ ಕೊನೆಗೆ ತನ್ನ ತಲೆಯ ಮೇಲೆ ತಾನೇ ಕೈಯಿಟ್ಟುಕೊಳ್ಳುತ್ತಾನೆಂದು ಗೊತ್ತಿದ್ದೂ ಜನ ಯಕ್ಷಗಾನದಲ್ಲಿ ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ಭಸ್ಮಾಸುರನನ್ನು ನೋಡಲು ಹತ್ತಾರು ಮೈಲಿ ನಡೆದು ಬಂದು ಬೆಳಗಿನವರೆಗೆ ಕೂತಿರುತ್ತಿದ್ದರು. ಪ್ರಸಂಗದ ಹೆಸರು ಟಿಕೆಟ್ ಮಾರಿತು, ಎದ್ದುಹೋಗದಂತೆ ಹಿಡಿದದ್ದು ಕುಣಿತ. ಮೇಳದ ಯಜಮಾನನಿಗೆ ಗಲ್ಲಾಪೆಟ್ಟಿಗೆ ನೋಡದೆ ನಡೆಯದು, ಅದು ಅವನ ಧರ್ಮ. ಆದರೆ ಆಟ ಕಳೆಗಟ್ಟಿತೋ ಇಲ್ಲವೋ ಎಂಬ ತೀರ್ಪು ಬರುವುದು ಚಾಪೆ ಹಾಸಿ ಕೂತವರಿಂದ.

ಹಾಗೆಂದು ಕಥಾವಸ್ತುವೇ ಬೇಡವೆಂದಲ್ಲ. ಅದು ಪೆಟ್ಟಿಗೆಯ ಹೊರಗಿನ ಚಿತ್ರದಲ್ಲಿ ನಿಲ್ಲದೆ ಹಲಗೆಗೆ ಇಳಿಯಬೇಕು ಅಷ್ಟೆ. 1992ರ ‘ಆಡಮ್ಸ್ ಫ್ಯಾಮಿಲಿ’ಯಲ್ಲಿ ಪೆಟ್ಟಿಗೆಯೊಳಗಿಂದ ಒಂದು ಕೈ ಎದ್ದು ಗುಂಡನ್ನು ಎತ್ತಿಕೊಂಡು ಹೋಗುತ್ತದೆ, ಹಲಗೆಯ ಅಡಿಯಲ್ಲಿ ಅಡಗಿದ ಅಯಸ್ಕಾಂತಗಳು ದೆವ್ವದ ಮನೆಗೆ ತಕ್ಕಂತೆ ಗುಂಡನ್ನು ದಿಕ್ಕುತಪ್ಪಿಸುತ್ತವೆ. 20,000ಕ್ಕೂ ಹೆಚ್ಚು ಮಾರಾಟವಾದ ಯಂತ್ರ ಅದು. 1997ರ ‘ಮೆಡೀವಲ್ ಮ್ಯಾಡ್‌ನೆಸ್’ನಲ್ಲಿ ಸಿನಿಮಾದ ಹೆಸರೂ ಇಲ್ಲ, ಬ್ಯಾಂಡೂ ಇಲ್ಲ. ನಡುವೆ ಒಂದು ಕೋಟೆ. ಎತ್ತುಸೇತುವೆಗೆ ಬಡಿದರೆ ಇಳಿಯುತ್ತದೆ, ಹೆಬ್ಬಾಗಿಲಿಗೆ ಬಡಿದರೆ ಏಳುತ್ತದೆ, ಒಳಗೆ ನುಗ್ಗಿದರೆ ಕೋಟೆಯೇ ಅಲುಗಾಡಿ ಕುಸಿಯುತ್ತದೆ. ಮೊದಲಿಗೆ ಬಂದದ್ದು ಸುಮಾರು 4,000 ಯಂತ್ರ ಮಾತ್ರ. ತಯಾರಿಸಿದ ವಿಲಿಯಮ್ಸ್ 1999ರಲ್ಲಿ ಪಿನ್‌ಬಾಲ್ ವಿಭಾಗವನ್ನೇ ಮುಚ್ಚಿತು. ಆದರೂ ಆಟಗಾರರು ಬಿಡಲಿಲ್ಲ, ಬೇರೊಂದು ಕಂಪನಿ ಆ ಯಂತ್ರವನ್ನು ಮತ್ತೆ ತಯಾರಿಸಬೇಕಾಯಿತು.

ಕೋಟೆಯೇ ಬೇಕೆಂದರೆ ಮಿರ್ಜಾನಕ್ಕೆ ಬರಬಹುದು. ಕುಮಟಾದಿಂದ ಅಂಕೋಲೆಯ ಕಡೆ ಹೋಗುವ ಹೆದ್ದಾರಿಯಿಂದ ಕೂಗಳತೆಯಲ್ಲೇ ಇರುವ ಈ ಕೆಂಪುಕಲ್ಲಿನ ಕೋಟೆ ಪಿನ್‌ಬಾಲ್ ಹಲಗೆಗೆ ಹೇಳಿಮಾಡಿಸಿದಂತಿದೆ: ಸುತ್ತ ಕಂದಕ, ಎತ್ತರದ ಬುರುಜುಗಳು, ಒಳಗೆ ಬಾವಿಗಳು, ತಗ್ಗಿನಲ್ಲಿ ಸುರಂಗದ ಬಾಯಿ. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯ ಮೆಣಸು ಘಟ್ಟದಿಂದ ಇಳಿದು ಹೊಳೆಯ ದಾರಿಯಲ್ಲಿ ಕಡಲಿಗೆ ಹೋಗಬೇಕು, ಪೋರ್ಚುಗೀಸರ ಹಡಗುಗಳು ಬಾಯಿಬಿಟ್ಟು ಕಾದಿವೆ. ಗುಂಡು ಬಾವಿಗೆ ಬಿದ್ದರೆ ಸುರಂಗದ ಇನ್ನೊಂದು ಬಾಯಲ್ಲಿ ಏಳಲಿ. ಮೂರು ಬುರುಜು ಉಳಿಸಿಕೊಂಡರೆ ಮಾತ್ರ ಮೆಣಸಿಗೆ ರಾಣಿ ಹೇಳಿದ ದರ ಸಿಗಲಿ. ಇದನ್ನೆಲ್ಲ ಬಿಟ್ಟು ಪಕ್ಕದ ಹಲಗೆಗೆ ಕತ್ತಿ ಹಿಡಿದ ರಾಣಿಯ ಚಿತ್ರ ಅಂಟಿಸಿ, ಒಳಗೆ ಯಾವುದೋ ಹಳೆಯ ಆಟ ತುಂಬಿದರೆ ಊರಿನ ಅಭಿಮಾನಕ್ಕೆ ಉದ್ಘಾಟನೆಯ ದಿನ ಚಪ್ಪಾಳೆ ಬೀಳುತ್ತದೆ, ಮರುದಿನ ಅಲ್ಲಿ ಯಾರೂ ಇರುವುದಿಲ್ಲ. ನಮ್ಮ ಪ್ರವಾಸೋದ್ಯಮದ ಫಲಕಗಳ ಗತಿ ನೋಡಿದವರಿಗೆ ಇದು ಹೊಸದಲ್ಲ.

ಆಡುವವನ ಮಾತನ್ನು ಕೊನೆಗೆ ಕೇಳುವ, ಇಲ್ಲವೇ ಕೇಳದೆಯೇ ಬಿಡುವ ರೂಢಿ ಬರೀ ಕಂಪನಿಗಳದ್ದಲ್ಲ, ಸರಕಾರಗಳದ್ದೂ ಹೌದು. ನ್ಯೂಯಾರ್ಕ್ ನಗರದಲ್ಲಿ ಮೇಯರ್ ಲಾ ಗಾರ್ಡಿಯಾ 1942ರಲ್ಲಿ ಪಿನ್‌ಬಾಲನ್ನು ಜೂಜೆಂದು ನಿಷೇಧಿಸಿದರು, ಯಂತ್ರಗಳನ್ನು ಸುತ್ತಿಗೆಯಿಂದ ಒಡೆಸಿದರು. ಆ ಕಾಲದ ಯಂತ್ರಗಳ ಮಟ್ಟಿಗೆ ಅವರ ಸಂಶಯದಲ್ಲಿ ಹುರುಳಿತ್ತು ಎನ್ನಬೇಕು. ಫ್ಲಿಪ್ಪರ್ ಬಂದದ್ದೇ 1947ರಲ್ಲಿ, ‘ಹಂಪ್ಟಿ ಡಂಪ್ಟಿ’ ಯಂತ್ರದೊಂದಿಗೆ. ಅಲ್ಲಿಯವರೆಗೆ ಗುಂಡು ಬಿಟ್ಟ ಮೇಲೆ ದೇವರೇ ಗತಿ. ಫ್ಲಿಪ್ಪರ್ ಬಂದು ಮೂರು ದಶಕವಾಗುತ್ತ ಬಂದರೂ ನಿಷೇಧ ಮಾತ್ರ ಕದಲಲಿಲ್ಲ. 1976ರಲ್ಲಿ ರೋಜರ್ ಶಾರ್ಪ್ ಎಂಬ ಪತ್ರಕರ್ತ ನಗರಸಭೆಯ ಸದಸ್ಯರ ಮುಂದೆ ಆಡಿ ತೋರಿಸಲು ನಿಂತರು. ತಂದಿಟ್ಟ ಯಂತ್ರದ ಮೇಲೆ ಸದಸ್ಯರಿಗೆ ಅನುಮಾನ. ಅದು ಬೇಡ, ಪಕ್ಕದ್ದರಲ್ಲಿ ಆಡು ಎಂದರು. ಆತ ಆ ಯಂತ್ರದಲ್ಲೇ ಗುಂಡು ನಡುವಿನ ಓಣಿಗೆ ಹೋಗುತ್ತದೆಂದು ಮೊದಲೇ ಹೇಳಿ, ಹಾಗೆಯೇ ಕಳಿಸಿದರು. ನಿಷೇಧ ಬಿತ್ತು.

ಕರ್ನಾಟಕದ ಕಥೆಯಲ್ಲಿ ಇಂಥ ದೃಶ್ಯ ಇಲ್ಲ. ಇಲ್ಲಿ ಪ್ರಶ್ನೆ ಎದ್ದದ್ದು ವಿಡಿಯೋ ಗೇಮ್ ಪಾರ್ಲರುಗಳದು. ಪೊಲೀಸ್ ಲೈಸೆನ್ಸ್ ಬೇಕೇ ಬೇಡವೇ ಎಂಬ ಮಾಲೀಕರ ತಕರಾರು ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಎಂ.ಜೆ. ಶಿವಾನಿ ವಿರುದ್ಧ ಕರ್ನಾಟಕ ರಾಜ್ಯ ಎಂಬ ಆ ಪ್ರಕರಣದಲ್ಲಿ 1995ರಲ್ಲಿ ಬಂದ ತೀರ್ಪು ಲೈಸೆನ್ಸ್ ಪದ್ಧತಿಯನ್ನು ಎತ್ತಿಹಿಡಿಯಿತು. ಯಂತ್ರಗಳ ಒಳಗನ್ನು ತಿದ್ದಿ ಆಟಗಾರನ ಗೆಲುವನ್ನು ತಪ್ಪಿಸಬಹುದು ಎಂಬುದು ಪೊಲೀಸರ ಕಡೆಯ ಮುಖ್ಯ ವಾದ. ಶಿರಸಿಯ ಮಾರಿಕಾಂಬಾ ಜಾತ್ರೆಯಲ್ಲಿ ಉಂಗುರ ಎಸೆದು ಬರಿಗೈಲಿ ಬಂದ ಯಾರೂ ಈ ವಾದವನ್ನು ತಳ್ಳಿಹಾಕಲಾರರು. ಬೇಸರ ಅದಲ್ಲ. ಮಾಲೀಕರು ತಮ್ಮ ವ್ಯಾಪಾರದ ಹಕ್ಕು ಹೇಳಿದರು, ಪೊಲೀಸರು ತಮ್ಮ ಅನುಮಾನ ಹೇಳಿದರು, ಮೋಸಹೋದವನೆಂದು ಎಲ್ಲರೂ ಕರೆದ ಆಟಗಾರ ಮಾತ್ರ ಕಕ್ಷಿಯೇ ಆಗಿರಲಿಲ್ಲ.

ಆಮೇಲೆ ಜಗಳ ಮೊಬೈಲಿಗೆ ಹೋಯಿತು. 2021ರ ಅಕ್ಟೋಬರಿನಲ್ಲಿ ಜಾರಿಗೆ ಬಂದ ರಾಜ್ಯದ ಪೊಲೀಸ್ ಕಾಯ್ದೆಯ ತಿದ್ದುಪಡಿ, ಹಣ ಇಟ್ಟು ಆಡುವ ಆನ್‌ಲೈನ್ ಆಟಗಳನ್ನು ಕೌಶಲ್ಯ–ಅದೃಷ್ಟ ಎಂದು ನೋಡದೆ ಹಿಡಿಯಿತು. 2022ರ ಫೆಬ್ರವರಿ 14ರಂದು ಹೈಕೋರ್ಟ್ ಅದರ ಮುಖ್ಯ ಭಾಗಗಳನ್ನು ರದ್ದು ಮಾಡಿತು. 2025ರ ಆಗಸ್ಟಿನಲ್ಲಿ ಕೇಂದ್ರದ ಕಾಯ್ದೆ ಬಂದು ಹಣದ ಆನ್‌ಲೈನ್ ಆಟಗಳನ್ನು ಒಟ್ಟಾಗಿ ನಿಷೇಧಿಸಿತು. ಸಾಲ ಮಾಡಿ ಮನೆ ಕಳೆದುಕೊಂಡವರನ್ನು ಕಂಡವರು ಅದನ್ನು ಬೇಡವೆನ್ನುವುದು ಕಷ್ಟ. ಆದರೆ ನಾಣ್ಯ ಹಾಕಿ, ನಿಂತು, ಬೆವರಿ ಆಡುವ, ಗೆದ್ದರೆ ಇನ್ನೊಂದು ಆಟವಷ್ಟೇ ಕೊಡುವ ಯಂತ್ರ ಆ ಸಾಲಿಗೆ ಸೇರಿದ್ದಲ್ಲ. ಅದಕ್ಕೆ ಇವತ್ತಿಗೂ ಅನ್ವಯಿಸುವುದು ಪಾರ್ಲರ್ ಕಾಲದ ಲೈಸೆನ್ಸ್ ಮನೋಭಾವವೇ.

ಗೋಕರ್ಣ, ಮುರ್ಡೇಶ್ವರದಂಥ ಪ್ರವಾಸಿ ಊರುಗಳಲ್ಲಿ ಮಕ್ಕಳಿಗೆ, ದೊಡ್ಡವರಿಗೆ ಮಳೆಗಾಲದ ಮಧ್ಯಾಹ್ನ ಕಳೆಯಲು ಒಂದು ಆಟದ ಮನೆ ತೆರೆಯುತ್ತೇನೆಂದು ಯಾರಾದರೂ ಮುಂದೆ ಬಂದರೆ ಅರ್ಜಿಯಲ್ಲಿ ಏನು ಕೇಳಬೇಕು? ಯಂತ್ರದ ಬೆಲೆ, ಕಟ್ಟಡದ ಅಳತೆ, ಬಾಗಿಲು ಹಾಕುವ ಹೊತ್ತು ಇವೆಲ್ಲ ಇದ್ದದ್ದೇ. ಜೊತೆಗೆ ಪರಿಶೀಲನೆಗೆ ಹೋಗುವ ಅಧಿಕಾರಿ ಆಟ ಬಲ್ಲ ಒಬ್ಬನನ್ನೂ, ಎಂದೂ ಆಡದ ಒಬ್ಬನನ್ನೂ ಕರೆದುಕೊಂಡು ಹೋಗಲಿ. ಇಬ್ಬರಿಗೂ ಸಮನಾಗಿ ನಾಣ್ಯ ಕೊಟ್ಟು ಆಡಿಸಲಿ. ಬಲ್ಲವನ ಅಂಕ ಪ್ರತಿ ಸಲವೂ ಮೇಲಿದ್ದರೆ ಯಂತ್ರ ಕೈಚಳಕಕ್ಕೆ ಬೆಲೆ ಕೊಡುತ್ತಿದೆ; ಇಬ್ಬರದೂ ಒಂದೇ ಹಾದಿಯಲ್ಲಿ ಏರಿಳಿದರೆ ಒಳಗೆ ಏನೋ ನಡೆದಿದೆ, ಪೆಟ್ಟಿಗೆ ಬಿಚ್ಚಿ ನೋಡಲಿ. ಕಾಲುಗಳ ಎತ್ತರವನ್ನೂ ತೂಗುಗುಂಡಿನ ಬಳೆಯನ್ನೂ ವರದಿಯಲ್ಲಿ ಬರೆದುಕೊಂಡರೆ, ಆರು ತಿಂಗಳ ನಂತರ ಮಾಲೀಕ ಇಳಿಜಾರು ಹೆಚ್ಚಿಸಿದ್ದಾನೋ ಇಲ್ಲವೋ ಎಂಬುದು ಅಳತೆಪಟ್ಟಿಯಿಂದಲೇ ತಿಳಿಯುತ್ತದೆ. ಇದಕ್ಕೆ ಹೊಸ ಕಾಯ್ದೆ ಬೇಕಿಲ್ಲ, ಅರ್ಜಿ ನಮೂನೆಯಲ್ಲಿ ಎರಡು ಸಾಲು ಸೇರಿಸಿದರೆ ಆಯಿತು.