ಅನುಬಂಧದಲ್ಲಿ ಉಳಿದದ್ದು

ಯಾರೂ ಓದದ ಒಂದು ಮಹಾಪ್ರಬಂಧಕ್ಕೆ ಆಯುಷ್ಯದ ಐದಾರು ವರ್ಷ ಸುರಿಯುವುದು ಸರಿಯೆ? ಪಿಎಚ್.ಡಿ.ಗೆ ಕೂತ ಮಗಳೋ ಸೊಸೆಯೋ ಇರುವ ಮನೆಗಳಲ್ಲಿ ಈ ಪ್ರಶ್ನೆ ಒಂದಲ್ಲ ಒಂದು ದಿನ ಎದ್ದೇ ಏಳುತ್ತದೆ. ಪ್ರಶ್ನೆ ನ್ಯಾಯವಾದದ್ದು. ಅದಕ್ಕೆ ಸಾಮಾನ್ಯವಾಗಿ ಎರಡು ಉತ್ತರ ಸಿಗುತ್ತವೆ. ಕೆಲಸಕ್ಕೆ, ಬಡ್ತಿಗೆ ಬೇಕು ಎನ್ನುವುದು ಒಂದು. ಜ್ಞಾನ ಇರುವುದು ಜ್ಞಾನಕ್ಕಾಗಿಯೇ ಎನ್ನುವುದು ಇನ್ನೊಂದು. ಮೊದಲನೆಯದು ಪ್ರಬಂಧವನ್ನು ರಹದಾರಿ ಚೀಟಿಯ ಮಟ್ಟಕ್ಕೆ ಇಳಿಸುತ್ತದೆ. ಎರಡನೆಯದು ಕೇಳಿದವರ ಬಾಯಿ ಮುಚ್ಚಿಸುತ್ತದೆ, ಅನುಮಾನ ಕಳೆಯುವುದಿಲ್ಲ. ಬೇರೊಂದು ಉತ್ತರ ಇರಬಹುದು ಎಂದು ನನಗೆ ಹೊಳೆದದ್ದು ಫ್ರಾನ್ಸಿನ ಹಳೆಯ ವೈದ್ಯಕೀಯ ಪ್ರಬಂಧಗಳ ಚರಿತ್ರೆ ಓದುವಾಗ.

17ನೇ ಶತಮಾನದ ಪ್ಯಾರಿಸ್‌ನಲ್ಲಿ ವೈದ್ಯನಾಗಬೇಕಾದವನ ಪ್ರಬಂಧ ದಪ್ಪ ಪುಸ್ತಕವಾಗಿರಲಿಲ್ಲ. ಲ್ಯಾಟಿನ್‌ನಲ್ಲಿ ಅಚ್ಚಾದ ಒಂದು ಪ್ರಶ್ನೆ, ಅದಕ್ಕೆ ನಾಲ್ಕಾರು ಖಂಡಿಕೆಗಳ ತರ್ಕ, ಕೊನೆಯಲ್ಲಿ ‘ಎರ್ಗೊ’, ಎಂದರೆ ‘ಆದ್ದರಿಂದ’, ಎಂದು ಶುರುವಾಗುವ ಒಂದು ಸಾಲು. ಎಷ್ಟೋ ಸಲ ಅದನ್ನು ಬರೆಯುತ್ತಿದ್ದವರು ಸಭೆಯ ಅಧ್ಯಕ್ಷತೆ ವಹಿಸುವ ಗುರುಗಳೇ. ವಿದ್ಯಾರ್ಥಿಯ ಕೆಲಸ ಬೆಳಿಗ್ಗೆಯಿಂದ ಮಧ್ಯಾಹ್ನದ ತನಕ ನಿಂತು ಅದನ್ನು ಸಮರ್ಥಿಸುವುದು, ನಮ್ಮ ಶಾಸ್ತ್ರಿಗಳು ವಾಕ್ಯಾರ್ಥಕ್ಕೆ ನಿಂತ ಹಾಗೆ. ಚಹಾ ಕುಡಿದರೆ ಬುದ್ಧಿಗೆ ಒಳ್ಳೆಯದೆ ಎಂದು 1648ರಲ್ಲಿ ಪ್ಯಾರಿಸ್‌ನ ಒಂದು ಪ್ರಬಂಧ ಕೇಳಿತು. ಬೋನ್ ಊರಿನ ದ್ರಾಕ್ಷಾರಸವೇ ಆರೋಗ್ಯಕ್ಕೆ ಮೇಲು ಎಂದು 1652ರಲ್ಲಿ ಇನ್ನೊಂದು ಸಾಧಿಸಿತು. 1679ರಲ್ಲಿ ಮಾರ್ಸೇಲ್ಸ್ ಬಂದರಿನಲ್ಲಿ, ಕಾಫಿ ಆ ಊರಿನವರಿಗೆ ಕೆಡುಕೆ ಎಂಬುದರ ಮೇಲೆ ಪುರಭವನದಲ್ಲೇ ವಾದ ನಡೆಯಿತು. ಬಾಬಾಬುಡನ್ ಏಳು ಕಾಫಿ ಬೀಜಗಳನ್ನು ಚಿಕ್ಕಮಗಳೂರಿನ ಬೆಟ್ಟಕ್ಕೆ ತಂದರು ಎಂಬ ಐತಿಹ್ಯವೂ ಅದೇ ಶತಮಾನದ್ದೆನ್ನುತ್ತಾರೆ. ಒಂದು ಕಡೆ ಬೀಜ ನೆಲ ಹುಡುಕುತ್ತಿದ್ದಾಗ ಇನ್ನೊಂದು ಕಡೆ ಅದರ ತೀರ್ಪು ಲ್ಯಾಟಿನ್‌ನಲ್ಲಿ ಬರೆದಾಗಿತ್ತು.

ಈ ಪ್ರಬಂಧಗಳ ಸ್ಥಿತಿಯನ್ನು ನಾಟಕಕಾರ ಮೋಲಿಯೇರ್ ಒಂದೇ ದೃಶ್ಯದಲ್ಲಿ ತೋರಿಸುತ್ತಾನೆ. 1673ರಲ್ಲಿ ಅವನು ಆಡಿದ ಕೊನೆಯ ನಾಟಕ ರೋಗಭ್ರಮೆ ಹಿಡಿದ ಒಬ್ಬ ಯಜಮಾನನ ಕಥೆ. ಅದರಲ್ಲಿ ಹೆಣ್ಣು ನೋಡಲು ಬರುವ ಎಳೆಯ ವೈದ್ಯ ಜೇಬಿನಿಂದ ಒಂದು ಸುರುಳಿ ಬಿಚ್ಚಿ ಹುಡುಗಿಗೆ ಕಾಣಿಕೆ ಕೊಡುತ್ತಾನೆ. ರಕ್ತ ದೇಹದಲ್ಲಿ ಸುತ್ತುತ್ತದೆ ಎನ್ನುವವರ ವಿರುದ್ಧ ಅವನು ಸಮರ್ಥಿಸಿದ ಪ್ರಬಂಧ ಅದು. ಮನೆಗೆಲಸದವಳು ಕೈಚಾಚಿ ಅದನ್ನು ತೆಗೆದುಕೊಂಡು, ಇರಲಿ, ಚಿತ್ರ ಚೆನ್ನಾಗಿದೆ, ಕೋಣೆಯ ಗೋಡೆಗೆ ಆಗುತ್ತದೆ ಎನ್ನುತ್ತಾಳೆ. ಆ ಕಾಲದ ಪ್ರಬಂಧದ ಹಾಳೆಗಳ ಮೇಲೆ ನಿಜಕ್ಕೂ ಸೊಗಸಾದ ಕೆತ್ತನೆಯ ಚಿತ್ರಗಳಿರುತ್ತಿದ್ದವು. ಹಾರ್ವಿ ರಕ್ತ ಪರಿಚಲನೆಯ ಪುಸ್ತಕ ಪ್ರಕಟಿಸಿ ಆಗಲೇ 45 ವರ್ಷವಾಗಿತ್ತು.

ಆ ವಿದ್ವಾಂಸರು ದಡ್ಡರಾಗಿರಲಿಲ್ಲ, ಅದನ್ನು ಒತ್ತಿ ಹೇಳಬೇಕು. ಅರ್ಧ ದಿನ ನಿಂತು ಎದುರಾಳಿಯ ಪ್ರತಿ ಮಾತಿಗೂ ಉತ್ತರ ಕೊಡುವ ಚುರುಕು ಇಂದಿನ ನಮ್ಮ ಎಷ್ಟು ಮಂದಿಗಿದೆ? ಕೊರತೆ ಇದ್ದದ್ದು ಪ್ರಬಂಧದ ಕಟ್ಟಿನಲ್ಲೇ. ಪ್ರಾಚೀನ ಗ್ರೀಕ್ ವೈದ್ಯರಾದ ಹಿಪಾಕ್ರಟೀಸ್, ಗೇಲನ್ ಹೇಳಿದ್ದರಿಂದ ಹೊರಟು ‘ಎರ್ಗೊ’ ತನಕ ಹೋಗುವ ಆ ದಾರಿಯಲ್ಲಿ ಎಲ್ಲೂ ಒಬ್ಬ ರೋಗಿಯ ಮಂಚ ಎದುರಾಗುವುದಿಲ್ಲ. ಕಂಡದ್ದು ಒಳಗೆ ಬರಲು ಬಾಗಿಲೇ ಇರಲಿಲ್ಲ.

ಬಾಗಿಲು ತೆರೆದದ್ದು ಫ್ರೆಂಚ್ ಕ್ರಾಂತಿಯ ನಂತರ. ಹಳೆಯ ವಿದ್ಯಾಪೀಠಗಳು ಮುಚ್ಚಿದವು. 1794ರಲ್ಲಿ ಪ್ಯಾರಿಸ್, ಮಾಂಪೆಲಿಯೆ, ಸ್ಟ್ರಾಸ್‌ಬರ್ಗ್‌ಗಳಲ್ಲಿ ಆರೋಗ್ಯ ಶಾಲೆಗಳು ಹುಟ್ಟಿದವು, ಪಾಠ ಆಸ್ಪತ್ರೆಯ ವಾರ್ಡಿಗೆ ಬಂತು. 1803ರ ಕಾನೂನು ಪ್ರಬಂಧವನ್ನು ಉಳಿಸಿಕೊಂಡಿತು, ಫ್ರೆಂಚ್‌ನಲ್ಲೂ ಬರೆಯಬಹುದು ಎಂದಿತು. ಅದರ ಫಲ ಕಾಣಬೇಕಾದರೆ 1822ರಲ್ಲಿ 23 ವರ್ಷದ ಬೇಲ್ ಎಂಬ ಯುವಕ ಒಪ್ಪಿಸಿದ ಪ್ರಬಂಧವನ್ನು ನೋಡಬೇಕು.

ಬೇಲ್ ಇದ್ದದ್ದು ಪ್ಯಾರಿಸ್ ಪಕ್ಕದ ಶಾರಾಂಟನ್ ಮಾನಸಿಕ ಆಸ್ಪತ್ರೆಯಲ್ಲಿ. ಅಲ್ಲಿ ಕೆಲವು ರೋಗಿಗಳು ತಾವು ಕೋಟ್ಯಧೀಶರು, ರಾಜರು ಎನ್ನುತ್ತಿದ್ದರು. ಅವರ ನಾಲಿಗೆ ತೊದಲುತ್ತಿತ್ತು, ನಡಿಗೆ ತಪ್ಪುತ್ತಿತ್ತು, ಬರಬರುತ್ತ ಮೈಯೆಲ್ಲ ಸೋತು ಸಾಯುತ್ತಿದ್ದರು. ಹುಚ್ಚು ಬೇರೆ, ಅದರ ಜೊತೆ ಬಂದು ಸೇರಿದ ಲಕ್ವ ಬೇರೆ ಎಂದು ಹಿರಿಯರು ತಿಳಿದಿದ್ದರು. ಬೇಲ್ ಪ್ರತಿಯೊಬ್ಬರ ಮಾತು, ನಡೆ, ದಿನಾಂಕ ಬರೆದಿಟ್ಟ. ಸತ್ತ ಮೇಲೆ ತಲೆ ತೆರೆದು ನೋಡಿದ. ಮೆದುಳಿನ ಪೊರೆ ಉರಿಯೂತದಿಂದ ದಪ್ಪಗಾಗಿತ್ತು. ಇದು ಎರಡು ಕಾಯಿಲೆಯಲ್ಲ, ಒಂದೇ, ಮನಸ್ಸಿನ ರೋಗಕ್ಕೆ ದೇಹದಲ್ಲಿ ಬೇರಿದೆ ಎಂದು ಬರೆದ. ಪೊರೆಯ ಉರಿಯೂತವೇ ಮೂಲ ಎಂಬ ಅವನ ವಿವರಣೆ ಮುಂದೆ ನಿಲ್ಲಲಿಲ್ಲ. 1913ರಲ್ಲಿ ನೊಗುಚಿ ಮತ್ತು ಮೂರ್ ಎಂಬ ಸಂಶೋಧಕರು ಇಂಥ ರೋಗಿಗಳ ಮೆದುಳಿನಲ್ಲಿ ಸಿಫಿಲಿಸ್‌ನ ಸೂಕ್ಷ್ಮಜೀವಿಯನ್ನೇ ಕಂಡರು. 91 ವರ್ಷದ ಬಳಿಕ ಬೇಲ್‌ನ ‘ಆದ್ದರಿಂದ’ ಬಿದ್ದುಹೋಯಿತು, ಅದಕ್ಕೆ ಮುಂಚಿನ ಪುಟಗಳು ಬೀಳಲಿಲ್ಲ. ಒಂದೇ ಕಾಯಿಲೆ ಎಂದು ಅವನು ಗುರುತಿಸಿಟ್ಟಿದ್ದರಿಂದಲೇ ಅದಕ್ಕೆ ಒಂದೇ ಕಾರಣ ಹುಡುಕಲು ಸಾಧ್ಯವಾದದ್ದು.

ನಾನು ಹೇಳಬೇಕೆಂದಿರುವುದು ಇಲ್ಲೇ ಇದೆ. ಪ್ರಬಂಧದ ತೀರ್ಮಾನ ಪರೀಕ್ಷಕರಿಗೆ ಸಲ್ಲುತ್ತದೆ. ಅದರೊಳಗೆ ದಾಖಲಾದ ಕಾಣ್ಕೆ ಇನ್ನೂ ಬಾರದ ಒಬ್ಬ ಅಪರಿಚಿತನಿಗೆ ಸಲ್ಲುತ್ತದೆ. ಸಂಶೋಧನೆಯ ಬೆಲೆಯನ್ನು ಕಟ್ಟಬೇಕಾದದ್ದು ಈ ಎರಡನೆಯ ಋಣ ಎಷ್ಟರ ಮಟ್ಟಿಗೆ ತೀರಿದೆ ಎಂಬುದರಿಂದ.

ಹಾಗಾದರೆ ಆ ಅಪರಿಚಿತ ಬಾರದೇ ಹೋದರೆ? ಲಿಯೋನ್‌ನ ಸೇನಾ ವೈದ್ಯಕೀಯ ಶಾಲೆಯ ಎರ್ನೆಸ್ಟ್ ಡ್ಯುಶೇನ್ ವಿಷಯದಲ್ಲಿ ಆದದ್ದು ಅದೇ. 1897ರಲ್ಲಿ, ಅವನಿಗೂ ಆಗ 23, ಬೂಷ್ಟು ಮತ್ತು ಬ್ಯಾಕ್ಟೀರಿಯಗಳ ಹೋರಾಟದ ಮೇಲೆ ಪ್ರಬಂಧ ಒಪ್ಪಿಸಿದ. ಪೆನಿಸಿಲಿಯಮ್ ಜಾತಿಯ ಬೂಷ್ಟು ಕೆಲವು ಬ್ಯಾಕ್ಟೀರಿಯಗಳನ್ನು ಸೋಲಿಸುವುದನ್ನು ಕಂಡ. ಸಾಯಿಸುವಷ್ಟು ಬ್ಯಾಕ್ಟೀರಿಯವನ್ನು ಗಿನಿಪಿಗ್‌ಗಳಿಗೆ ಚುಚ್ಚಿದಾಗ, ಜೊತೆಯಲ್ಲಿ ಬೂಷ್ಟಿನ ಕೃಷಿಯನ್ನೂ ಕೊಟ್ಟ ಪ್ರಾಣಿಗಳು ಬದುಕಿಕೊಂಡವು. ಈ ಕೆಲಸ ಮುಂದುವರಿದರೆ ಚಿಕಿತ್ಸೆಗೆ ದಾರಿಯಾದೀತು ಎಂದು ಬರೆದು ಸೇನೆಯ ಕೆಲಸಕ್ಕೆ ಹೋದ. ಕ್ಷಯ ಹತ್ತಿ 1912ರಲ್ಲಿ ತೀರಿಕೊಂಡಾಗ ಅವನಿಗೆ 37. ಲಂಡನ್ನಿನಲ್ಲಿ ಫ್ಲೆಮಿಂಗ್ ತನ್ನ ಬೂಷ್ಟು ಹಿಡಿದ ತಟ್ಟೆಯನ್ನು ನೋಡಿದ್ದು 1928ರಲ್ಲಿ.

ಡ್ಯುಶೇನ್ ಪೆನಿಸಿಲಿನ್ ಕಂಡುಹಿಡಿದಿದ್ದ, ಲೋಕ ಅವನಿಗೆ ಮೋಸ ಮಾಡಿತು ಎಂದು ಕೆಲವರು ಬರೆಯುತ್ತಾರೆ. ನನಗೆ ಆ ಮಾತು ಒಪ್ಪಿಗೆಯಿಲ್ಲ. ಅವನು ಪ್ರಯೋಗ ಮಾಡಿದ್ದು ಟೈಫಾಯ್ಡ್ ಮತ್ತು ಕರುಳಿನ ಬ್ಯಾಕ್ಟೀರಿಯಗಳ ಮೇಲೆ. ಫ್ಲೆಮಿಂಗ್ ಕಂಡ ಪೆನಿಸಿಲಿನ್ ಅವುಗಳಿಗೆ ಅಷ್ಟಾಗಿ ನಾಟುವುದಿಲ್ಲ. ಡ್ಯುಶೇನ್ ಕಂಡದ್ದು ಬೇರೇನೋ ಆಗಿದ್ದಿರಬೇಕು. ಆದರೆ ಅದೇನು ಎಂದು ಕೇಳುವ ಒಬ್ಬನೇ ಒಬ್ಬ ಓದುಗ ದಶಕಗಳ ಕಾಲ ಅವನಿಗೆ ಸಿಗಲಿಲ್ಲ. ಬೇಲ್ ಗುರುತಿಸಿದ ಕಾಯಿಲೆ ಕೊನೆಗೆ ಹತೋಟಿಗೆ ಬಂದದ್ದು 1940ರ ದಶಕದಲ್ಲಿ, ಪೆನಿಸಿಲಿನ್‌ನಿಂದ. ಡ್ಯುಶೇನ್‌ನ ಪ್ರಬಂಧಕ್ಕೂ ಆ ಚಿಕಿತ್ಸೆಗೂ ನಡುವಿನ ವರ್ಷಗಳಲ್ಲಿ ಶಾರಾಂಟನ್‌ನಂಥ ಆಸ್ಪತ್ರೆಗಳಲ್ಲಿ ಸತ್ತವರನ್ನು ನೆನೆದರೆ, ಕಪಾಟಿನಲ್ಲಿ ಕೂತ ಪ್ರಬಂಧದ ಮೌನ ಎಷ್ಟು ದುಬಾರಿಯಾದೀತು ಎಂದು ಎದೆ ಭಾರವಾಗುತ್ತದೆ.

ಒಬ್ಬ ಓದುಗ ಸಿಕ್ಕರೆ ಏನಾಗುತ್ತದೆ ಎಂಬುದಕ್ಕೆ ಜಾಕ್ ಮೋನೊ ಇದ್ದಾನೆ. ಜರ್ಮನರ ವಶದಲ್ಲಿದ್ದ ಪ್ಯಾರಿಸ್‌ನಲ್ಲಿ, 1941ರಲ್ಲಿ, ಅವನು ಸೋರ್ಬಾನ್‌ಗೆ ಪ್ರಬಂಧ ಒಪ್ಪಿಸಿದ. ವಿಷಯ ಬ್ಯಾಕ್ಟೀರಿಯಗಳ ಬೆಳವಣಿಗೆ. ಎರಡು ಬಗೆಯ ಸಕ್ಕರೆ ಕಲಸಿ ಕೊಟ್ಟರೆ ಬ್ಯಾಕ್ಟೀರಿಯಗಳು ಒಂದನ್ನು ಮುಗಿಸುತ್ತವೆ, ಸ್ವಲ್ಪ ಹೊತ್ತು ಸುಮ್ಮನಿರುತ್ತವೆ, ಆಮೇಲೆ ಇನ್ನೊಂದಕ್ಕೆ ಕೈಹಾಕುತ್ತವೆ. ಗ್ರಾಫಿನಲ್ಲಿ ಏರುವ ಗೆರೆ, ನಡುವೆ ಮಟ್ಟಸವಾದ ಒಂದು ತುಂಡು, ಮತ್ತೆ ಏರು. ಆ ಮಟ್ಟಸ ತುಂಡನ್ನು ಪ್ರಯೋಗದ ದೋಷ ಎಂದು ಒರೆಸಿಹಾಕಬಹುದಿತ್ತು. ಮೋನೊ ಹಾಗೆ ಮಾಡದೆ ಅದನ್ನು ಸೂಕ್ಷ್ಮಜೀವಿ ವಿಜ್ಞಾನಿ ಆಂಡ್ರೆ ಲ್ವೋಫ್‌ಗೆ ತೋರಿಸಿದ. ಇದಕ್ಕೂ ಕಿಣ್ವಗಳ ಹೊಂದಾಣಿಕೆಗೂ ಸಂಬಂಧ ಇರಬಹುದು ಎಂದು ಲ್ವೋಫ್ ಸೂಚಿಸಿದ. ಆ ಸೂಚನೆಯ ಬೆನ್ನು ಹತ್ತಿ ಹೋಗಿ, 1961ರಲ್ಲಿ ಮೋನೊ ಮತ್ತು ಫ್ರಾನ್ಸ್ವಾ ಜಾಕೋಬ್ ವಂಶವಾಹಿಗಳಿಗೆ ಚಾಲೂ–ಬಂದ್ ಮಾಡುವ ವ್ಯವಸ್ಥೆ ಇದೆ ಎಂದು ತೋರಿಸಿದರು. 1965ರಲ್ಲಿ ಮೂವರಿಗೂ ಸೇರಿ ನೊಬೆಲ್ ಬಂತು. ಇಂದಿನ ತಳಿವಿಜ್ಞಾನ ನಿಂತಿರುವ ಕಂಬಗಳಲ್ಲಿ ಅದು ಒಂದು.

ತಳಿವಿಜ್ಞಾನದಲ್ಲೇ ಮರೆತುಹೋದ ಇನ್ನೊಂದು ಪ್ರಬಂಧವಿದೆ. ಮಾಹಿತಿ ಸಿದ್ಧಾಂತಕ್ಕೆ ಹೆಸರಾದ ಕ್ಲಾಡ್ ಶಾನನ್ 1940ರಲ್ಲಿ ಅಮೆರಿಕದ ಎಂಐಟಿಗೆ ಬರೆದ ಪಿಎಚ್.ಡಿ., ವಂಶವಾಹಿಗಳ ಲೆಕ್ಕಕ್ಕೆ ಒಂದು ಬೀಜಗಣಿತ. ಅದು ಅಚ್ಚಾದದ್ದು 1993ರಲ್ಲಿ. ಅದೇ ಶಾನನ್ ಮಾರ್ಗದರ್ಶನದಲ್ಲಿ 1963ರಲ್ಲಿ ಐವನ್ ಸದರ್ಲೆಂಡ್ ಎಂಬ ವಿದ್ಯಾರ್ಥಿ ಒಪ್ಪಿಸಿದ ಪ್ರಬಂಧ ವಿನ್ಯಾಸದ ಲೋಕವನ್ನೇ ಬದಲಿಸಿತು. ಕಂಪ್ಯೂಟರ್ ಪರದೆಯ ಮೇಲೆ ಬೆಳಕಿನ ಪೆನ್ನು ಹಿಡಿದು ಚಿತ್ರ ಬರೆಯುವ ಏರ್ಪಾಟು ಅದು, ಹೆಸರು ಸ್ಕೆಚ್‌ಪ್ಯಾಡ್. ಒಂದು ಮೂಲ ಆಕೃತಿ ಬರೆದು ಅದರ ನೂರಾರು ನಕಲು ಹರಡಬಹುದಿತ್ತು. ಮೂಲದಲ್ಲಿ ಒಂದು ಗೆರೆ ಬಾಗಿಸಿದರೆ ಎಲ್ಲ ನಕಲುಗಳಲ್ಲೂ ಅದು ಬಾಗುತ್ತಿತ್ತು, ಜೇನುಗೂಡಿನಂತಿದ್ದ ಚಿತ್ತಾರ ನೋಡುತ್ತಿದ್ದಂತೆ ಮೀನಿನ ಹುರುಪೆಯ ಚಿತ್ತಾರವಾಗುತ್ತಿತ್ತು. ಇಲ್ಲಿ ಬರಹದ ಪುಟಗಳಿಗಿಂತ ಹೆಚ್ಚು ಮಾತಾಡಿದ್ದು ಕೆಲಸ ಮಾಡಿ ತೋರಿಸಿದ ಯಂತ್ರ, ಅದರ ಚಲನಚಿತ್ರ. ಮಾಡಿದ ವಸ್ತುವೂ ಸಂಶೋಧನೆಯ ದಾಖಲೆಯೇ ಎಂದು ವಿನ್ಯಾಸದವರು ವಾದಿಸಿದಾಗ ನಾನು ಅವರ ಪಕ್ಷ, ಮಾಡುವಾಗ ಎಲ್ಲಿ ಕೆಟ್ಟಿತು, ಯಾಕೆ ಬದಲಾಯಿಸಿದೆವು ಎಂಬುದನ್ನೂ ಅವರು ಉಳಿಸಿದರೆ.

ನನ್ನ ವಾದಕ್ಕೆ ಬಲವಾದ ಆಕ್ಷೇಪವೊಂದಿದೆ. ಬೇಲ್, ಮೋನೊ ಎಷ್ಟು ಜನ? ಸಾವಿರಾರು ಪ್ರಬಂಧಗಳ ಕಟ್ಟುಗಳಲ್ಲಿ ಅಂಥ ಕಾಣ್ಕೆ ಇರುವುದು ಬೆರಳೆಣಿಕೆಯಷ್ಟರಲ್ಲಿ. ನಿಜ. ಯಾವುದರಲ್ಲಿ ಇದೆ ಎಂದು ಮುಂಚಿತವಾಗಿ ತಿಳಿಯುವ ಉಪಾಯವೂ ಇಲ್ಲ. ಆದರೆ ಯಾವುದರಲ್ಲಿ ಇರಲಾರದು ಎಂದು ಹೇಳಬಹುದು. ‘...: ಒಂದು ಅಧ್ಯಯನ’ ಎಂಬ ಶೀರ್ಷಿಕೆ, ಮೊದಲ ಅಧ್ಯಾಯದಲ್ಲಿ ಪ್ರಾಕ್ಕಲ್ಪನೆ, ಕೊನೆಯ ಅಧ್ಯಾಯದಲ್ಲಿ ಅದೇ ಪ್ರಾಕ್ಕಲ್ಪನೆ ಒಂದು ಗೀರೂ ಇಲ್ಲದೆ ಸಾಬೀತು: ಹೀಗೆ ಕಟ್ಟಿದ ಪ್ರಬಂಧ ಹಳೆಯ ಪ್ಯಾರಿಸ್‌ನ ‘ಎರ್ಗೊ’ಗೆ ಮರಳಿದೆ.

ನಾನೂ ಆ ತಪ್ಪು ಮಾಡಿದ್ದೇನೆ. ನನ್ನ ಪ್ರಬಂಧ ಬೀಸುವ ಪದಗಳ ಮೇಲೆ. ಹಿಟ್ಟಿನ ಗಿರಣಿ ಬಂದ ಊರುಗಳಲ್ಲಿ ಹಾಡು ಸತ್ತಿತು ಎಂಬುದು ನನ್ನ ವಾದ. ಒಂದು ಊರಿನಲ್ಲಿ ಏಳು ಹೆಂಗಸರು, ಬೀಸೋದು ಬಿಟ್ಟರೂ ಬೀಡಿ ಕಟ್ಟುವಾಗ ಅದೇ ಪದ ಹಾಡುತ್ತೇವೆ ಎಂದು ಹಾಡಿಯೂ ತೋರಿಸಿದರು. ಇದು ಸೇರಿದರೆ ವೈವಾದಲ್ಲಿ ಪ್ರಶ್ನೆ ಏಳುತ್ತದೆ, ತೆಗೆದುಬಿಡಿ ಎಂದು ಗೈಡ್ ಹೇಳಿದರು. ತೆಗೆದೆ. ಮನೆ ಬದಲಾಯಿಸುವಾಗ ಆ ನೋಟ್‌ಬುಕ್ ಕಳೆಯಿತು. ನನ್ನ ಪ್ರಬಂಧದ ಎಂಟೂ ಅಧ್ಯಾಯ ಹೋಗಿ ಆ ಒಂದು ನೋಟ್‌ಬುಕ್ ಉಳಿದಿದ್ದರೆ ಎಂದು ಎಷ್ಟೋ ರಾತ್ರಿ ಅನ್ನಿಸಿದೆ.

ವ್ಯವಸ್ಥೆ ಮಾಡಬಹುದಾದದ್ದು ದೊಡ್ಡದೇನಲ್ಲ. ಪ್ರಬಂಧ ಒಪ್ಪಿಸುವ ಮುಂಚೆ ಲೇಖನ ಪ್ರಕಟಿಸಲೇಬೇಕು ಎಂಬ ನಿಯಮವನ್ನು ಯುಜಿಸಿ 2022ರಲ್ಲಿ ಕೈಬಿಟ್ಟದ್ದು ಒಳ್ಳೆಯದೇ ಆಯಿತು. ದುಡ್ಡು ಕೊಟ್ಟು ಅಚ್ಚು ಹಾಕಿಸುವ ಪತ್ರಿಕೆಗಳು ಯಾರ ಓದಿಗೂ ಬೀಳುತ್ತಿರಲಿಲ್ಲ. ಭಾರತದ ವಿಶ್ವವಿದ್ಯಾಲಯಗಳ ಪ್ರಬಂಧಗಳು ಈಗ ಶೋಧಗಂಗಾ ಜಾಲತಾಣದಲ್ಲಿ ಮನೆಯಿಂದಲೇ ಓದಲು ಸಿಗುತ್ತವೆ, ಡ್ಯುಶೇನ್‌ಗೆ ಇಲ್ಲದ ಭಾಗ್ಯ ಅದು. ಬೇಕಾಗಿರುವುದು ಇನ್ನೊಂದೇ: ವಾದಕ್ಕೆ ಹೊಂದದ ದಾಖಲೆಯನ್ನು ಅನುಬಂಧದಲ್ಲಾದರೂ ಇಡುವ ಹಕ್ಕು ವಿದ್ಯಾರ್ಥಿಗೆ ಇರಬೇಕು, ಇಟ್ಟದ್ದನ್ನು ಪರೀಕ್ಷಕರು ದೋಷವೆಂದು ಎಣಿಸಬಾರದು.

ಹೋದ ಮಳೆಗಾಲದಲ್ಲಿ ಒಂದು ಗ್ರಂಥಾಲಯದ ಪ್ರಬಂಧಗಳ ಕೋಣೆಯಲ್ಲಿ ಕೂತಿದ್ದೆ. ಕಡುಗೆಂಪು ರೆಕ್ಸಿನ್ ರಟ್ಟು, ಬಂಗಾರದ ಬಣ್ಣದ ಅಕ್ಷರ, ಅಂಚಿನಲ್ಲಿ ಗೆದ್ದಲು ತಿಂದ ಗುರುತು. ಉತ್ತರ ಕನ್ನಡದ ಕರಾವಳಿಯ ವೃತ್ತಿಪದಗಳ ಮೇಲಿನ ಪ್ರಬಂಧ. ಹಿಂದಿನ ರಟ್ಟಿಗೆ ಅಂಟಿಸಿದ ಚೀಟಿಯಲ್ಲಿ ಒಂದೂ ಮುದ್ರೆ ಇರಲಿಲ್ಲ. ಅಧ್ಯಾಯಗಳಲ್ಲಿ ಪದಗಳ ವ್ಯಾಕರಣ. ಅನುಬಂಧದಲ್ಲಿ ಬತ್ತದ ತಳಿಗಳ ಪಟ್ಟಿ, ‘ಕಗ್ಗ’ದ ಎದುರು ಪೆನ್ನಿನಲ್ಲಿ ಸೇರಿಸಿದ ಎರಡು ಸಾಲು: ಅಘನಾಶಿನಿಯ ಗಜನಿ ಗದ್ದೆಯಲ್ಲಿ ಉಪ್ಪುನೀರು ನಿಂತರೂ ಇದು ತಡೆಯುತ್ತದೆ, ಒಂದು ಗದ್ದೆಯ ಬೀಜ ಇನ್ನೊಂದಕ್ಕಿಂತ ಹೆಚ್ಚು ತಡೆಯುತ್ತದೆ. ಭಾಷಾಶಾಸ್ತ್ರಕ್ಕೆ ಆ ಸಾಲುಗಳಿಂದ ಏನೂ ಆಗಬೇಕಿಲ್ಲ. ಆದರೆ ಕೇರಳದ ಪೊಕ್ಕಾಳಿ ಬತ್ತದ 1ನೇ ಕ್ರೋಮೋಸೋಮ್‌ನಲ್ಲಿ ಉಪ್ಪು ತಡೆಯುವ ಗುಣದ ಒಂದು ಭಾಗವನ್ನು ವಿಜ್ಞಾನಿಗಳು ಗುರುತಿಸಿ ಸಾಲ್ಟಾಲ್ ಎಂದು ಕರೆದಿದ್ದಾರೆ, ಅದನ್ನು ಬೇರೆ ತಳಿಗಳಿಗೆ ಸೇರಿಸುತ್ತಿದ್ದಾರೆ ಎಂದು ನನಗೆ ಗೊತ್ತಿತ್ತು. ಪುಟದ ಫೋಟೊ ತೆಗೆದು, ಬತ್ತದ ತಳಿಗಳ ಮೇಲೆ ಕೆಲಸ ಮಾಡುವ ಪರಿಚಯದ ಸಂಶೋಧಕಿಗೆ ಕಳಿಸಿದೆ.

ರಾತ್ರಿ ಒಂಬತ್ತಕ್ಕೆ ಫೋನ್ ಬಂತು. “ಸರ್, ಇದನ್ನ ಹೇಳಿದವರು ಯಾರು? ಯಾವ ಊರು, ಯಾವ ವರ್ಷ ಅಂತ ಏನಾದ್ರೂ ಇದೆಯಾ?” ಫೋಟೊದಲ್ಲಿ ಕೆಳಗಿನ ಅಂಚು ಕತ್ತರಿಸಿಹೋಗಿತ್ತು. ಮರುದಿನ ಬೆಳಿಗ್ಗೆ ಬಾಗಿಲು ತೆಗೆಯುವ ಹೊತ್ತಿಗೆ ಹೋಗಿ ಮತ್ತೆ ಆ ಪುಟ ತೆರೆದೆ. ಹೇಳಿದವರ ಹೆಸರು, ಊರು, ವಯಸ್ಸು 71, ಕೇಳಿ ಬರೆದುಕೊಂಡ ದಿನಾಂಕ, ನಾಲ್ಕೂ ಅಲ್ಲಿದ್ದವು. ಅಲ್ಲಿಂದಲೇ ಫೋನ್ ಮಾಡಿ, ಒಂದೊಂದಾಗಿ ಓದಿ ಹೇಳಿದೆ.